ಹಂಪಾಪುರದ ಅರ್ಥಶಾಸ್ತ್ರಜ್ಞೆ

ಬಸ್ಸು ಕೋಟೆ ಪಟ್ಟಣದ ನಿಲ್ದಾಣ ಬಿಟ್ಟು ಹುಣಸೂರಿನ ದಾರಿ ಹಿಡಿದ ಮೇಲೆ, ಬೆಳಗಿನಿಂದ ತಾನು ಯಾರನ್ನೂ ನಗಿಸಿಲ್ಲ ಎನ್ನುವುದು ವೀರಭದ್ರಸ್ವಾಮಿಗೆ ಹೊಳೆಯಿತು. ಹೆಂಡತಿ ಉಪ್ಪಿಟ್ಟು ಬಡಿಸುವಾಗ ಸುಮ್ಮನೆ ತಿಂದಿದ್ದ. ಹಾಲಿನವನು 'ಏನ್ ಸಾರ್, ಇಸ್ತ್ರಿ ಜೋರಾಗದೆ ಇವತ್ತು' ಎಂದಾಗ ಬರೀ ತಲೆಯಾಡಿಸಿದ್ದ. ಅವನ ಹಳೆಯ ವಿದ್ಯಾರ್ಥಿಯೇ ಆದ ಕಂಡಕ್ಟರು ಟಿಕೆಟ್ ಕೊಟ್ಟು, ಮೇಷ್ಟರ ಬಾಯಿಂದ ಏನಾದರೂ ಬಂದೀತೆಂದು ಒಂದು ಗಳಿಗೆ ಕಾದು ನಿಂತ. ಏನೂ ಬರಲಿಲ್ಲ. 'ಉಸಾರಿಲ್ವಾ ಸಾ?' ಎಂದು ಕೇಳಿ ಮುಂದಿನ ಸೀಟಿಗೆ ಹೋದ. ಇಪ್ಪತ್ತೆರಡು ವರ್ಷ ಅರ್ಥಶಾಸ್ತ್ರ ಹೇಳಿದ ಮನುಷ್ಯ, ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಜನ ಪಕ್ಕ ಸರಿದು ಜಾಗ ಕೊಟ್ಟು ಮಾತಿಗೆ ಕಾಯುವಂಥ ಮನುಷ್ಯ, ಹೀಗೆ ಬಾಯಿ ಹೊಲಿದುಕೊಂಡು ಕೂತಿದ್ದು ಅವನಿಗೇ ಸರಿಕಾಣಲಿಲ್ಲ. ಅದರಲ್ಲೂ ಇವತ್ತು. ಕೃಷ್ಣರಾಜನಗರದ ಕಾಲೇಜೊಂದರಲ್ಲಿ ಸುತ್ತಲ ನಾಲ್ಕು ತಾಲ್ಲೂಕಿನ ಅಧ್ಯಾಪಕರಿಗಾಗಿ ಕಾರ್ಯಾಗಾರ ಇಟ್ಟಿದ್ದರು. 'ಉನ್ನತ ಶಿಕ್ಷಣದ ಬೋಧನೆಯಲ್ಲಿ ಹಾಸ್ಯದ ಬಳಕೆ' ಎಂಬ ವಿಷಯಕ್ಕೆ ಇವನೇ ಸಂಪನ್ಮೂಲ ವ್ಯಕ್ತಿ. ಕಾರ್ಯಾಗಾರ ನಡೆಸುತ್ತಿದ್ದ ಶಶಿಕುಮಾರ್ ಫೋನಿನಲ್ಲಿ, 'ನೀವು ಬಂದು ನಿಂತ್ಕೊಂಡ್ರೆ ಸಾಕು ಸಾರ್, ಹಾಲ್ ತುಂಬುತ್ತೆ' ಎಂದಿದ್ದ. ಅದಕ್ಕಾಗಿ ನಾಲ್ಕು ಪುಟ ಟೈಪು ಮಾಡಿಸಿಕೊಂಡು ಬ್ಯಾಗಿನಲ್ಲಿಟ್ಟಿದ್ದ. ಆ ನಾಲ್ಕು ಪುಟದ ಕೆಳಗೆ ಇನ್ನೊಂದು ಕಾಗದವಿತ್ತು. ಅದನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ಎರಡು ಸಲ ಹೊರಗೆ ತೆಗೆದು, ಎರಡು ಸಲವೂ ಒಳಗೆ ಹಾಕಿಕೊಂಡಿದ್ದ.

ಅದು ಒಂದು ಉತ್ತರಪತ್ರಿಕೆಯ ಜೆರಾಕ್ಸ್. ಸೋಮವಾರ ಸ್ಟಾಫ್ ರೂಮಿನ ಬಾಗಿಲಿಗೆ ಮಹದೇವಮ್ಮ ಅದನ್ನು ಹಿಡಿದುಕೊಂಡು ಬಂದು ನಿಂತಾಗ ಅವಳ ಹೆಸರು ಅವನಿಗೆ ತಕ್ಷಣ ನೆನಪಾಗಲಿಲ್ಲ. ಎನ್. ಬೇಗೂರಿನ ಆಚೆ ಕಾಡಂಚಿನ ಗಿರಿಜನರ ಹಾಡಿಯ ಹುಡುಗಿ, ರಂಗನ ಮಗಳು. ಅವಳ ಹಾಡಿಯಿಂದ ಡಿಗ್ರಿಗೆ ಬಂದವರಲ್ಲಿ ಇವಳೇ ಮೊದಲನೆಯವಳು ಎಂದು ಸೇರಿದ ವರ್ಷ ಪ್ರಿನ್ಸಿಪಾಲರು ಎಲ್ಲರಿಗೂ ಹೇಳಿದ್ದರು, ಎಲ್ಲರೂ ಸಂತೋಷಪಟ್ಟು ಮರೆತಿದ್ದರು. ಮೂರು ವರ್ಷದ ಎಲ್ಲ ಪೇಪರೂ ಪಾಸಾಗಿ, ಮೊದಲ ವರ್ಷದ ಅರ್ಥಶಾಸ್ತ್ರವೊಂದು ಉಳಿದುಕೊಂಡಿತ್ತು. ಅದನ್ನು ಈ ಸಲ ಬರೆದಿದ್ದಳು, ಐದು ಅಂಕ ಸಾಲದೆ ಹೋಗಿತ್ತು. ಹಾಡಿಯ ಹತ್ತಿರದ ಮಕ್ಕಳ ಹಾಸ್ಟೆಲಿನಲ್ಲಿ ಸಂಜೆ ಪಾಠ ಹೇಳುವ ಕೆಲಸವೊಂದಿದೆ, ಡಿಗ್ರಿ ಆದರೆ ಅದು ಇವಳಿಗೆ, ಆಗದಿದ್ದರೆ ಮತ್ತೆ ಕೊಡಗಿನ ತೋಟದ ಕೂಲಿ ಎಂದು ಅವಳು ನೆಲ ನೋಡಿಕೊಂಡು ಹೇಳಿದಳು. ಆಮೇಲೆ ಜೆರಾಕ್ಸನ್ನು ಮೇಜಿನ ಮೇಲಿಟ್ಟು, ಒಂದು ಕಡೆ ಬೆರಳಿಟ್ಟಳು.

'ಸಾ, ಇದ ನೋಡಿ ಸಾ. ನೀವು ಏಳ್ಕೊಟ್ಟಂಗೇ ಬರ್ದಿವ್ನಿ. ಅತ್ತು ಮಾರ್ಕ್ಸಿಂದು. ಯಾಕೆ ಸೊನ್ನೆ ಕೊಟ್ಟವ್ರೆ?'

ದುಂಡಾದ, ಒತ್ತಿ ಬರೆದ ಅಕ್ಷರ. 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಮೊಟ್ಟಮೊದಲು ಕಂಡುಹಿಡಿದವರು ಹಂಪಾಪುರದ ಶ್ರೀಮತಿ ಶಿವರುದ್ರಮ್ಮನವರು. ಇವರು ಪ್ರಸಿದ್ಧ ಅರ್ಥಶಾಸ್ತ್ರಜ್ಞೆ.' ಅದರ ಕೆಳಗೆ ಗೆರೆ, ಪಕ್ಕದಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ, ಅಲ್ಲಿಂದ ಮುಂದಿನ ಎರಡು ಪುಟಕ್ಕೂ ಮೂಲೆಯಿಂದ ಮೂಲೆಗೆ ಎಳೆದ ಒಂದು ಗೀಟು. ಗೀಟಿನ ಅಡಿಯಲ್ಲಿ, ಒಂದೇ ವಸ್ತು ಮತ್ತೆ ಮತ್ತೆ ಸಿಕ್ಕಷ್ಟೂ ಅದರಿಂದ ಸಿಗುವ ತೃಪ್ತಿ ಇಳಿಯುತ್ತದೆ ಎಂಬ ನಿಯಮದ ವಿವರಣೆ ಇತ್ತು, ಸರಿಯಾಗಿಯೇ ಇತ್ತು. ಮಾವಿನ ಹಣ್ಣಿನ ಕೋಷ್ಟಕ ಇತ್ತು. ಸ್ಕೇಲಿಟ್ಟು ಎಳೆದ ಅಕ್ಷಗಳು, ಮೇಲಿಂದ ಕೆಳಗೆ ಇಳಿಯುವ ರೇಖೆ, ಎಲ್ಲ ಇದ್ದವು. ಎಷ್ಟು ಕಂಜೂಸಿ ಮಾಡಿದರೂ ಏಳು ಅಂಕ ಕೊಡಬೇಕಾದ ಉತ್ತರ.

'ಆಫೀಸ್ನೋರು ಏಳುದ್ರು ಸಾ, ಪಾಠ ಮಾಡ್ದೋರು ಒಂದ್ ಲೆಟ್ರು ಕೊಟ್ರೆ ಮರುಮೌಲ್ಯಮಾಪನದ ಅರ್ಜಿ ಜೊತೇಲಿ ಕಳುಸ್ಬೋದು, ಅವ್ರು ಗಮನ ಕೊಡ್ತಾರೆ ಅಂತ. ಇಂಗೇ ಪಾಠ ಮಾಡಿದ್ದು ಅಂತ ಬರ್ಕೊಡಿ ಸಾ. ಶುಕ್ರವಾರ ನಾಕೂವರೆಗೆ ಕೊನೆ.'

'ನೋಡೋಣ ಕಣಮ್ಮ, ಇಟ್ಟಿರು,' ಎಂದಿದ್ದ. ಮಂಗಳವಾರವೂ ನೋಡೋಣ, ಬುಧವಾರವೂ ನೋಡೋಣ. ನಿನ್ನೆ ಅವಳು ಕೇಳಲೂ ಇಲ್ಲ, ಕಾರಿಡಾರಿನ ಕಂಬದ ಹತ್ತಿರ ನಿಂತು ಇವನು ಹೋಗುವುದನ್ನೂ ಬರುವುದನ್ನೂ ನೋಡಿದಳು. ಕೊನೆಗೆ ಇವನೇ ತಡೆಯಲಾರದೆ, 'ನಾಳೆ ಕೆ.ಆರ್. ನಗರದಲ್ಲಿ ಪ್ರೋಗ್ರಾಮ್ ಅದೆ, ಮುಗಿಸ್ಕೊಂಡು ಬಂದು ನೋಡ್ತೀನಿ' ಎಂದ. ಇವತ್ತು ಶುಕ್ರವಾರ. ಊಟ ಮಾಡಿಕೊಂಡು ಹೊರಟರೆ ನಾಲ್ಕೂವರೆಗೆ ಕೋಟೆ ಮುಟ್ಟುವ ಮಾತಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು ತಡವಾಯಿತು ಎಂದರೆ ಯಾರು ತಾನೆ ನಂಬುವುದಿಲ್ಲ? ಇದನ್ನು ಅವನು ಯೋಚಿಸಿ ಮಾಡಿರಲಿಲ್ಲ, ಆದರೆ ಯೋಚಿಸದೆಯೂ ಮಾಡಿರಲಿಲ್ಲ.

ತಂಬಾಕಿನ ಹೊಲಗಳ ನಡುವೆ ಬಸ್ಸು ಓಡುತ್ತಿತ್ತು. ಹಾಸ್ಯದ ಬಗ್ಗೆ ಅವನಿಗೆ ಒಂದು ಸಿದ್ಧಾಂತವಿತ್ತು, ನಾಲ್ಕು ಪುಟದಲ್ಲಿ ಎರಡನೆಯ ಪುಟ ಅದರದ್ದೇ. ಹಾಸ್ಯ ಹೇಳುವವನು ನಗಬಾರದು. ಅಷ್ಟೇ ಅಲ್ಲ, ಹಾಸ್ಯವನ್ನು ನೋಟ್ಸು ಬರೆಸುವ ದನಿಯಲ್ಲೇ ಹೇಳಬೇಕು. ಅವನು ಪಾಠ ಮಾಡುತ್ತಿದ್ದುದೇ ಹಾಗೆ. ಪುಸ್ತಕ ಮುಚ್ಚಿ, ಕಿಟಕಿಯ ಕಡೆ ನೋಡುತ್ತಾ, ಒಂದೊಂದೇ ಪದ ಬಿಡಿಸಿ, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಲ್ಲಿ ಹೇಳಿ ಬರೆಸುತ್ತಿದ್ದ. ಈ ನಿಯಮವನ್ನು ಮೊಟ್ಟಮೊದಲು ಕಂಡುಹಿಡಿದವರು, ಅಲ್ಪವಿರಾಮ, ಹಂಪಾಪುರದ ಶ್ರೀಮತಿ ಶಿವರುದ್ರಮ್ಮನವರು, ಪೂರ್ಣವಿರಾಮ. ಇವರು ಪ್ರಸಿದ್ಧ ಅರ್ಥಶಾಸ್ತ್ರಜ್ಞೆ, ಪೂರ್ಣವಿರಾಮ. ಒಂದು ಕ್ಷಣ ಪೆನ್ನುಗಳ ಸದ್ದು. ಆಮೇಲೆ ಹಿಂದಿನ ಬೆಂಚಿನಲ್ಲಿ ಹಂಪಾಪುರದ ಹುಡುಗನೊಬ್ಬ ತಲೆಯೆತ್ತುತ್ತಿದ್ದ. ಆಗ ಇವನು ಅದೇ ದನಿಯಲ್ಲಿ ಮುಂದುವರಿಸುತ್ತಿದ್ದ. ಈ ಅತ್ತೆಯ ಮನೆಗೆ ಅಳಿಯ ಬಂದ ಮೊದಲನೆಯ ದಿನ ಒಬ್ಬಟ್ಟು, ಎರಡನೆಯ ದಿನ ಪಾಯಸ, ಮೂರನೆಯ ದಿನ ಸೊಪ್ಪಿನ ಸಾರು, ನಾಲ್ಕನೆಯ ದಿನ 'ಕೋಟೆ ಬಸ್ಸು ಎಷ್ಟು ಗಂಟೆಗೆ ಅಂದ್ರಿ?' ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ವರ್ಷವೂ ಈ ಜಾಗದಲ್ಲಿ ನಗು ಬರದೆ ಹೋಗಿರಲಿಲ್ಲ. ಪರೀಕ್ಷೆಯಲ್ಲೂ ಯಾರೂ ತಪ್ಪಿರಲಿಲ್ಲ, ಏಕೆಂದರೆ ನಕ್ಕವನಿಗೆ ಯಾವುದು ಬರೆಯಬೇಕು ಯಾವುದು ಬಿಡಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಇದೂ ಎರಡನೆಯ ಪುಟದಲ್ಲೇ ಇತ್ತು.

'ಆವತ್ತು ನೀನು ಕ್ಲಾಸಲ್ಲಿ ಇದ್ಯೇನಮ್ಮ?' ಎಂದು ಸೋಮವಾರ ಅವಳನ್ನು ಕೇಳಿದ್ದ. 'ಇಲ್ಲ ಸಾ,' ಎಂದಿದ್ದಳು. 'ಆಗ ಕೊಡಗಲ್ಲಿದ್ವಿ, ಕಾಫಿ ಕುಯ್ಯಕ್ಕೆ. ಸೌಂದರ್ಯನ ನೋಟ್ಸ್ ಇಸ್ಕೊಂಡು ಬರ್ಕೊಂಡೆ.' ಸೌಂದರ್ಯ ಮೊದಲ ಬೆಂಚಿನ ಹುಡುಗಿ. ಮೇಷ್ಟರು ಕೆಮ್ಮಿದರೆ ಅದನ್ನೂ ಬರೆದುಕೊಳ್ಳುವಷ್ಟು ಶ್ರದ್ಧೆ ಅವಳದು. ಆವತ್ತು ನಗುತ್ತಾ ನಗುತ್ತಾ ಆ ಮೊದಲ ಎರಡು ಸಾಲನ್ನು ಬರೆದುಕೊಂಡಿರಬೇಕು, ಒಬ್ಬಟ್ಟು ಪಾಯಸ ಬರುವ ಹೊತ್ತಿಗೆ ಪೆನ್ನು ಕೆಳಗಿಟ್ಟಿರಬೇಕು. ಎಸ್ಟೇಟಿನ ಲೈನ್ ಮನೆಯಲ್ಲೋ, ಹಾಡಿಗೆ ವಾಪಸು ಬಂದ ಮೇಲೋ, ಮಹದೇವಮ್ಮ ಆ ಪುಸ್ತಕ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಇಳಿಸಿಕೊಂಡಿದ್ದಳು. ಕ್ಲಾಸಿನ ನಗು ಆ ಪುಸ್ತಕದಲ್ಲಿರಲಿಲ್ಲ. ಇದು ತಮಾಷೆ ಕಣಮ್ಮ ಎಂದು ಸೋಮವಾರವೇ ಅವಳಿಗೆ ಹೇಳಿಬಿಡಬಹುದಾಗಿತ್ತು. ಹೇಳಲಾಗಲಿಲ್ಲ. ಹಾಸ್ಯವನ್ನು ಬಿಡಿಸಿ ಹೇಳಬೇಕಾಗಿ ಬಂದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಎಂದು ಅವನು ತಿಳಿದಿದ್ದ.

ಹುಣಸೂರಿನಲ್ಲಿ ಇಳಿದು ಬಸ್ಸು ಬದಲಾಯಿಸಿದ. ಕೆ.ಆರ್. ನಗರದ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಸಿಕ್ಕಿತು. ನಾಚಿಕೆ ಎನ್ನುವುದು ಅಷ್ಟಕ್ಕೇ ಮುಗಿದಿದ್ದರೆ ಅವನು ಸೋಮವಾರವೇ ಎರಡು ಸಾಲು ಗೀಚಿ ಕೊಟ್ಟುಬಿಡುತ್ತಿದ್ದನೋ ಏನೋ. ಅವಳಿಗೆ ಗೊತ್ತಿಲ್ಲದ, ಯಾರಿಗೂ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಈ ಉತ್ತರವನ್ನು ಅವನು ಮೊದಲು ನೋಡಿದ್ದು, ಅಲ್ಲ, ಕೇಳಿದ್ದು ಮೌಲ್ಯಮಾಪನ ಕೇಂದ್ರದಲ್ಲಿ. ಮಧ್ಯಾಹ್ನ ಊಟವಾದ ಮೇಲಿನ ಹೊತ್ತು. ಮೇಲೆ ಫ್ಯಾನು ಗರಗರ ಅನ್ನುತ್ತಿತ್ತು, ಕೆಳಗೆ ಮೂವತ್ತು ಜನ ನಿದ್ದೆಗಣ್ಣಿನಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದರು. ಎರಡು ಮೇಜಿನ ಆಚೆ ಕೂತಿದ್ದ ಚೆಲುವರಾಜು ಇದ್ದಕ್ಕಿದ್ದಂತೆ, 'ಸಾರ್ ಸಾರ್, ಕೇಳಿ ಇಲ್ಲಿ' ಎಂದು ಎದ್ದು ನಿಂತು ಓದಿದ. ಹಂಪಾಪುರದ ಶ್ರೀಮತಿ ಶಿವರುದ್ರಮ್ಮನವರು. ಇವರು ಪ್ರಸಿದ್ಧ ಅರ್ಥಶಾಸ್ತ್ರಜ್ಞೆ. ಇಡೀ ಕೊಠಡಿ ಎಚ್ಚರಾಗಿ ನಕ್ಕಿತು. ವೀರಭದ್ರಸ್ವಾಮಿಯೂ ನಕ್ಕ. ನಗುತ್ತಿರುವಾಗಲೇ ಅವನಿಗೆ ಹೊಳೆಯಿತು, ಈ ಹೆಸರು ತನ್ನ ಕ್ಲಾಸಿನಿಂದಲ್ಲದೆ ಬೇರೆಲ್ಲಿಂದಲೂ ಬರುವಂತಿಲ್ಲ. 'ಎಷ್ಟು ಕೊಡ್ಲಿ ಸಾರ್? ಮಿಕ್ಕಿದ್ದೇನೋ ಬರ್ದಂಗದೆ,' ಎಂದು ಚೆಲುವರಾಜು ಇವನನ್ನೇ ಕೇಳಿದ, ಹಿರಿಯರೆಂದು, ಅದಕ್ಕಿಂತ ಹೆಚ್ಚಾಗಿ ಇವನು ಏನಾದರೂ ಅಂದೇ ಅನ್ನುತ್ತಾನೆಂದು. ಮೂವತ್ತು ಮುಖ ಇವನ ಕಡೆ ತಿರುಗಿ ಕಾದವು. ಆ ಕಾಯುವಿಕೆಯ ಮುಂದೆ ಅವನು ಯಾವತ್ತೂ ಬಾಯಿ ತಡೆದು ನಿಂತವನಲ್ಲ. 'ಸೊನ್ನೆ ಕೊಟ್ಟು ಹಂಪಾಪುರಕ್ಕೆ ಕಳಿಸಿ ಸಾರ್, ಶಿವರುದ್ರಮ್ಮನೋರೇ ಮರುಮೌಲ್ಯಮಾಪನ ಮಾಡ್ಲಿ' ಎಂದ, ನೋಟ್ಸು ಬರೆಸುವ ದನಿಯಲ್ಲಿ. ಕೊಠಡಿ ಮೊದಲಿನದಕ್ಕಿಂತ ಜೋರಾಗಿ ನಕ್ಕಿತು. ಚೆಲುವರಾಜು ಕಣ್ಣೊರೆಸಿಕೊಳ್ಳುತ್ತಾ ಕೂತು, ಮೂಲೆಯಿಂದ ಮೂಲೆಗೆ ಗೀಟೆಳೆದ. ಟೀ ಬಂತು. ಎದ್ದು ಹೋಗಿ 'ಚೆಲುವರಾಜು, ಉತ್ತರ ಪೂರ್ತಿ ಓದ್ರಿ' ಎಂದು ಹೇಳಲು ಸಂಜೆ ಐದರವರೆಗೂ ಸಮಯವಿತ್ತು. ಟೀ ಕುಡಿದ, ತನ್ನ ಪಾಲಿನ ಪತ್ರಿಕೆಗಳನ್ನು ನೋಡಿದ, ಐದು ಗಂಟೆಗೆ ಸಹಿ ಮಾಡಿ ಹೊರಬಿದ್ದ.

ಇನ್ನು ಶಿವರುದ್ರಮ್ಮ. ನಿಜವಾದ ಶಿವರುದ್ರಮ್ಮ, ಅವನ ಹೆಂಡತಿಯ ತಾಯಿ, ಹಂಪಾಪುರದಲ್ಲಿ ಈಗಲೂ ಬೆಳಿಗ್ಗೆ ಮೊಮ್ಮಗಳ ಜಡೆ ಹಾಕಿ ಸ್ಕೂಲಿಗೆ ಕಳಿಸಿ, ಹೊಲದ ಕಡೆ ಒಂದು ಸುತ್ತು ಹೋಗಿ ಬರುತ್ತಾಳೆ. ಅವಳ ಮನೆಯಲ್ಲಿ ಅವನು ನಾಲ್ಕು ದಿನವಲ್ಲ, ಹನ್ನೊಂದು ತಿಂಗಳಿದ್ದ. ಮದುವೆಯಾದ ವರ್ಷ, ಅತಿಥಿ ಉಪನ್ಯಾಸಕನ ಕೆಲಸ ಮುಂದುವರಿಯದೆ, ಮುಂದಿನದು ಸಿಗದೆ, ಹೆಂಡತಿಯ ಮನೆಯ ನಡುಮನೆಯಲ್ಲಿ ಪೇಪರು ಓದುತ್ತಾ ಹನ್ನೊಂದು ತಿಂಗಳು ಕೂತಿದ್ದ. ಹನ್ನೊಂದು ತಿಂಗಳೂ ಮೊದಲ ತಟ್ಟೆ ಅವನದ್ದೇ, ಮೊದಲ ಮಿಳ್ಳೆ ತುಪ್ಪ ಅವನಿಗೇ. ಒಂದು ದಿನ ಹಿತ್ತಿಲಲ್ಲಿ ಪಕ್ಕದ ಮನೆಯವಳು, 'ಅಳಿಯಂದ್ರು ಇನ್ನೂವೆ ಇಲ್ಲೇ ಅವ್ರಾ?' ಎಂದು ಕೇಳಿದ್ದು ಇವನ ಕಿವಿಗೆ ಬಿತ್ತು. ಅತ್ತೆ ಸಿಟ್ಟಾಗಲೂ ಇಲ್ಲ, ದನಿ ಏರಿಸಲೂ ಇಲ್ಲ. 'ಅವ್ರ ಮನೆ ಕಣವ್ವ ಇದು. ಇನ್ನೆಲ್ಲಿಗೋದಾರು?' ಎಂದು ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ಆ ಮಾತು ಕೇಳಿ ಅವನಿಗೆ ಸಮಾಧಾನ ಆಗಬೇಕಿತ್ತು, ಆದರೆ ನಡುಮನೆಯಲ್ಲಿ ಕೂತವನ ಮೈ ಬೆವತಿತ್ತು. ಕೆಲಸ ಸಿಕ್ಕಿ, ಮೊದಲ ವರ್ಷ ಈ ನಿಯಮದ ಪಾಠಕ್ಕೆ ಬಂದಾಗ ಅತ್ತೆಯ ಹೆಸರು ಅವನ ಬಾಯಿಗೆ ತಾನಾಗಿ ಬಂದಿತ್ತು. ಜಿಪುಣಿ ಅತ್ತೆ ಎಂದರೆ ನಗು ಬರುತ್ತದೆ, ದಿನಾ ತುಪ್ಪ ಹಾಕಿದ ಅತ್ತೆಯನ್ನು ಇಟ್ಟುಕೊಂಡು ಏನು ನಗಿಸುವುದು? ಹಾಗೆಂದು ಆಗ ಅಂದುಕೊಂಡಿದ್ದ. ಈಗ, ಬಸ್ಸು ಕಬ್ಬಿನ ಗಾಡಿಯೊಂದರ ಹಿಂದೆ ಸಿಕ್ಕಿ ನಿಧಾನವಾಗಿ ಹೋಗುತ್ತಿರುವಾಗ, ಅದು ಪೂರ್ತಿ ನಿಜವಲ್ಲ ಅನ್ನಿಸಿತು. ಆ ಮನೆಯಲ್ಲಿ ಉಂಡ ಅನ್ನ ಅವನಿಗೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿದಿರಲಿಲ್ಲ. ವರ್ಷಕ್ಕೊಂದು ಸಲ ಎಂಬತ್ತು ಮಕ್ಕಳನ್ನು ಕೂರಿಸಿಕೊಂಡು ಅದನ್ನು ಕೆಮ್ಮಿ ಹೊರಗೆ ಹಾಕುತ್ತಿದ್ದ.

ಕಾಲೇಜಿನ ಸಭಾಂಗಣ ನಿಜವಾಗಿಯೂ ತುಂಬಿತ್ತು. ಶಶಿಕುಮಾರ್ ಪರಿಚಯ ಮಾಡಿಕೊಡುತ್ತಾ, 'ಇವರ ಕ್ಲಾಸಿಗೆ ಬೇರೆ ವಿಭಾಗದ ಮಕ್ಕಳು ಕದ್ದು ಬಂದು ಕೂರುತ್ತಾರೆ' ಎಂದಾಗಲೇ ನಗು ಶುರುವಾಗಿತ್ತು. ಎರಡನೆಯ ಸಾಲಿನಲ್ಲಿ ಚೆಲುವರಾಜು ಕೂತಿದ್ದ, ಕೈಯೆತ್ತಿ ನಮಸ್ಕಾರ ಮಾಡಿದ. ವೀರಭದ್ರಸ್ವಾಮಿ ನಾಲ್ಕು ಪುಟ ಹೊರತೆಗೆದ. ಮೊದಲ ಪುಟ ಓದಿದ, ತರಗತಿಯ ಭಯ ಕಳೆಯಲು ನಗು ಹೇಗೆ ನೆರವಾಗುತ್ತದೆ ಎಂಬುದು. ಎರಡನೆಯ ಪುಟಕ್ಕೆ ತಿರುವಿದ. 'ನಕ್ಕವನಿಗೆ ಯಾವುದು ಬರೆಯಬೇಕು ಯಾವುದು ಬಿಡಬೇಕು' ಎಂಬ ಸಾಲು ಕಣ್ಣಿಗೆ ಬಿತ್ತು, ಓದುವುದನ್ನು ಅಲ್ಲಿಗೇ ನಿಲ್ಲಿಸಿದ. ನೀರು ಕುಡಿದ. ಹೇಳಿಬಿಡಬೇಕು ಅನ್ನಿಸಿತು. ಇಷ್ಟು ಜನ ಮೇಷ್ಟರುಗಳ ಮುಂದೆ, ತನ್ನ ಕಸುಬಿನವರ ಮುಂದೆ ಹೇಳಿಬಿಟ್ಟರೆ ಎದೆ ಹಗುರಾದೀತು. ಪುಟಗಳನ್ನು ಮಡಿಸಿ ಪಕ್ಕಕ್ಕಿಟ್ಟ.

'ನಾನೊಂದು ಉತ್ತರಪತ್ರಿಕೆಯ ವಿಷಯ ಹೇಳ್ತೀನಿ,' ಎಂದ. ಬೇರೆ ದನಿ ಅವನ ಹತ್ತಿರ ಇರಲಿಲ್ಲ, ಇದ್ದ ದನಿಯಲ್ಲೇ ಹೇಳಿದ. ನಿಯಮ, ಹಂಪಾಪುರ, ಶಿವರುದ್ರಮ್ಮ. ಸಭಾಂಗಣ ಗೊಳ್ಳೆಂದಿತು. ಕ್ಲಾಸಿಗೆ ಬರಲಾಗದ ಹುಡುಗಿಯೊಬ್ಬಳು ಅದನ್ನು ಪಾಠವೆಂದೇ ಬರೆದುಕೊಂಡಳು ಎಂದ, ಪರೀಕ್ಷೆಯಲ್ಲೂ ಬರೆದಳು ಎಂದ. ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. 'ಅವಳು ಪಾಸಾಗಲಿಲ್ಲ,' ಎಂದ. ನಕ್ಕರು. 'ಇದು ತಮಾಷೆ ಅಲ್ಲ,' ಎಂದ, ಮತ್ತೂ ನಕ್ಕರು. 'ಎಷ್ಟು ಕೊಡಲಿ ಅಂತ ಕೇಳಿದಾಗ ಸೊನ್ನೆ ಕೊಡಿ ಅಂದವನು ನಾನೇ.' ಚೆಲುವರಾಜು ಎದ್ದು ನಿಂತು, ಎರಡೂ ಕೈ ಮೇಲೆತ್ತಿ, 'ಹಾಕ್ದೋನು ನಾನೇ ಸಾರ್!' ಎಂದು ಕೂಗಿದ. ಚಪ್ಪಾಳೆ, ಶಿಳ್ಳೆ, ಹಿಂದಿನ ಸಾಲಿನಲ್ಲಿ ಯಾರೋ ಮೊಬೈಲು ಹಿಡಿದು ರೆಕಾರ್ಡು ಮಾಡುತ್ತಿದ್ದರು. ವೀರಭದ್ರಸ್ವಾಮಿ ಮೈಕು ಹಿಡಿದು ನಿಂತೇ ಇದ್ದ. ಅವನಿಗೆ ಅಳು ಬಂದಂತಾಯಿತು, ಆದರೆ ಮುಖ ಬಿಗಿಹಿಡಿದು ಅಭ್ಯಾಸವಾಗಿದ್ದರಿಂದ ಅದು ಹೊರಗೆ ಕಾಣಿಸಲಿಲ್ಲ. ಮುಖ ಬಿಗಿಯಾದಷ್ಟೂ ಅವರು ನಕ್ಕರು. ಅವರದೇನು ತಪ್ಪು? 'ಇಷ್ಟೇ ನನ್ನ ಮಾತು' ಎಂದು ಕೂತ. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಶಾಲು ಹೊದಿಸಿ ಆದ ಮೇಲೆ ಚೆಲುವರಾಜು ಬಂದು ಕೈ ಹಿಡಿದುಕೊಂಡ. 'ಏನ್ ಸಾರ್ ಟೈಮಿಂಗು! ಆ ಕಡೇದು, ಹುಡುಗಿ ಪಾಸಾಗ್ಲಿಲ್ಲ ಅಂದ್ರಲ್ಲ, ಅಲ್ಲಿ ನಾನು ಸತ್ತೇ ಹೋದೆ.'

'ನಿಜ ಕಣ್ರೀ ಚೆಲುವರಾಜು. ಹುಡುಗಿ ನಮ್ ಕಾಲೇಜಿನೋಳು. ಮಹದೇವಮ್ಮ ಅಂತ.'

'ಬುಡಿ ಸಾರ್, ನೀವೊಬ್ರು.'

'ಇವತ್ತು ಸಂಜೆ ಒಳಗೆ ಲೆಟರ್ ಬರ್ಕೊಡಬೇಕು. ಯೂನಿವರ್ಸಿಟಿಗೆ.'

ಚೆಲುವರಾಜುವಿನ ನಗು ಲೆಟರ್ ಎಂಬ ಮಾತಿಗೆ ನಿಂತಿತು. ಅತ್ತ ಇತ್ತ ನೋಡಿ, ಹತ್ತಿರ ಬಂದು, 'ಸಾರ್, ನನ್ನ ಹೆಸರೇನಾದ್ರೂ...' ಎಂದ. ಸಣ್ಣ ಮಕ್ಕಳಿರುವ, ಪ್ರಮೋಷನ್ನಿನ ಸಾಲಿನಲ್ಲಿರುವ ಮನುಷ್ಯ. 'ಇಲ್ಲ, ನಂದು ಮಾತ್ರ' ಎಂದು ವೀರಭದ್ರಸ್ವಾಮಿ ಹೇಳಿದ. ಹೇಳಿದ ಮೇಲೆ ತಾನು ಬರೆಯುವುದು ಖಂಡಿತವೆಂದು ಅವನಿಗೇ ಗೊತ್ತಾಯಿತು. ಶಶಿಕುಮಾರ್ ಊಟಕ್ಕೆ ಎಳೆದ, ಎಲೆ ಹಾಕಿದೆ, ಹೋಳಿಗೆ ಇದೆ ಎಂದ. ಬೇಡವೆಂದು ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಬಂದ. ಹೊಟ್ಟೆ ಹಸಿದಿತ್ತು, ಒಂದು ಚಿಕ್ಕ ಪೊಟ್ಟಣ ಕಡಲೆಕಾಯಿ ಕೊಂಡು ಹುಣಸೂರಿನ ಬಸ್ಸಿನಲ್ಲಿ ಕೂತ.

ಹುಣಸೂರಿನಲ್ಲಿ ಕೋಟೆ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಕಲ್ಲುಬೆಂಚಿನ ಮೇಲೆ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟು, ಟೈಪು ಮಾಡಿದ ಪುಟದ ಹಿಂದುಗಡೆ ಕರಡು ಬರೆಯತೊಡಗಿದ. ಇಷ್ಟು ಕಷ್ಟವಾದೀತೆಂದು ತಿಳಿದಿರಲಿಲ್ಲ. ಮೊದಲ ಸಲ ಬರೆದಾಗ 'ನನ್ನ ಪೂಜ್ಯ ಅತ್ತೆಯವರು' ಎಂದು ಬಂತು, ಓದಿದರೆ ನಗು ಬರುವಂತಿತ್ತು. ಹೊಡೆದು ಹಾಕಿದ. ಎರಡನೆಯ ಸಲ ತರಗತಿಯಲ್ಲಿ ಹಾಸ್ಯದ ಅಗತ್ಯವನ್ನು ಕುರಿತು ನಾಲ್ಕು ಸಾಲು ಬಂತು, ತನ್ನನ್ನು ತಾನು ಬಿಡಿಸಿಕೊಳ್ಳಲು ನೋಡುತ್ತಿದ್ದೇನೆಂದು ಕೂಡಲೇ ತಿಳಿದು ಅದನ್ನೂ ಹೊಡೆದ. ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ, 'ಅರ್ಜಿಯಾ ಸ್ವಾಮಿ?' ಎಂದು ಕೇಳಿತು. 'ಹೂಂ ಕಣವ್ವ,' ಎಂದ. 'ದೊಡ್ದಾಗಿ ಬರೀಬ್ಯಾಡಿ, ಓದಾಕಿಲ್ಲ ಅವ್ರು,' ಎಂದಿತು. ಮೂರನೆಯ ಸಲ ಹೀಗೆ ಬರೆದ: ಉತ್ತರದ ಮೊದಲ ಎರಡು ವಾಕ್ಯ ನಾನು ತರಗತಿಯಲ್ಲಿ ತಮಾಷೆಗಾಗಿ ಬರೆಸಿದ್ದು. ವಿದ್ಯಾರ್ಥಿನಿ ಅಂದು ಹಾಜರಿರಲಿಲ್ಲ, ಬೇರೆಯವರ ಟಿಪ್ಪಣಿಯಿಂದ ನಂಬಿ ಕಲಿತಿದ್ದಾಳೆ. ಉತ್ತರದ ಉಳಿದ ಭಾಗ ಸರಿಯಾಗಿದೆ. ಮೌಲ್ಯಮಾಪನದ ದಿನ ಅದೇ ಕೊಠಡಿಯಲ್ಲಿದ್ದ ನಾನು, ಇದು ನನ್ನ ತರಗತಿಯದೆಂದು ತಿಳಿದೂ, ಸೊನ್ನೆ ಕೊಡಿ ಎಂದು ಹೇಳಿದೆ. ತಪ್ಪು ನನ್ನದು. ಉತ್ತರವನ್ನು ಮತ್ತೆ ಓದಿ ಅಂಕ ಕೊಡಬೇಕೆಂದು ಕೋರುತ್ತೇನೆ. ಬಸ್ಸು ಬಂತು. ಬ್ಯಾಗಿನಲ್ಲಿದ್ದ ಬಿಳಿ ಹಾಳೆಗೆ ಅದನ್ನು ಅಲುಗಾಡುವ ಬಸ್ಸಿನಲ್ಲೇ ಇಳಿಸಿದ. ಅಕ್ಷರ ಸೊಟ್ಟ ಬಂದವು. ಸಹಿ ಮಾಡುವಾಗ ಕೆಲಸದ ವಿಷಯ ನೆನಪಾಯಿತು, ವಿಚಾರಣೆ ಅದು ಇದು ಬರಬಹುದು, ಇನ್ನು ಮೌಲ್ಯಮಾಪನಕ್ಕೆ ಕರೆಯದೆ ಇರಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಜನ ಹಿಂದಿನಿಂದ ನಗಬಹುದು. ಭಯವಾಯಿತು. ಆದರೂ ಸಹಿ ಮಾಡಿದ.

ಕಾಲೇಜಿನ ಗೇಟಿಗೆ ಬಂದಾಗ ನಾಲ್ಕೂ ಹತ್ತು. ಮಹದೇವಮ್ಮ ಆಫೀಸಿನ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಇವನನ್ನು ಕಂಡು ಎದ್ದು ನಿಂತಳು. ಅವಳ ಮುಖದಲ್ಲಿ ಕಾದು ಬೇಸತ್ತ ಗುರುತೇನೂ ಇರಲಿಲ್ಲ, ಬರುತ್ತೇನೆ ಎಂದರು, ಬಂದರು, ಅಷ್ಟೆ. ನಾನು ಬಾರದೆ ಇರಲು ಹೊರಟಿದ್ದೆ ಎಂದು ಅವಳಿಗೆ ಹೇಳಬೇಕೆನ್ನಿಸಿತು. ಅದನ್ನು ಹೇಳಲಿಲ್ಲ, ಕಾಗದ ಕೊಟ್ಟ. 'ಓದ್ಕೊಂಡು ಕೊಡಮ್ಮ ಒಳಗೆ. ಓದ್ದೆ ಕೊಡ್ಬೇಡ.'

ಅವಳು ನಿಂತಲ್ಲೇ ಬೆರಳಿಟ್ಟು ಓದಿದಳು. ಒಂದು ಸಾಲಿನ ಹತ್ತಿರ ಬೆರಳು ನಿಂತಿತು, ಹಿಂದಕ್ಕೆ ಹೋಗಿ ಮತ್ತೆ ಬಂತು.

'ತಮಾಸೆಗೆ ಏಳಿದ್ದಾ ಸಾ?'

'ಹೂಂ ಕಣಮ್ಮ.'

'ಆವತ್ತು ಎಲ್ರೂ ನಕ್ಕಿದ್ರಾ?'

'ನಕ್ಕಿದ್ರು.'

'ಸೌಂದರ್ಯನೂವೆ?'

'ನಕ್ಕಿರ್ಬೇಕು.'

ಅವಳು ಮುಂದಿನ ಸಾಲಿಗೆ ಹೋದಳು. 'ಸೊನ್ನೆ ಕೊಡಿ ಅಂದಿದ್ದು ನೀವೇನಾ?' ಎಂದು ಕೇಳಿದಳು, ಓದಿದ್ದು ಸರಿಯೇ ಎಂದು ಖಚಿತ ಮಾಡಿಕೊಳ್ಳುವವಳ ಹಾಗೆ. 'ನಾನೇ,' ಎಂದ. ಅವಳು ಬೈಯಲಿ ಎಂದು ಕಾದ. ಅಳಲಿ, ಕಾಗದ ಮುಖದ ಮೇಲೆ ಎಸೆಯಲಿ, ಏನಾದರೂ ಮಾಡಲಿ. ಅವಳು ಕಾಗದದ ಮೊದಲ ಸಾಲಿಗೆ ಮತ್ತೆ ಬೆರಳಿಟ್ಟಳು.

'ಅಂಗಾರೆ ಅಂಪಾಪುರದೋರು ಯಾರೂ ಕಂಡಿಡೀಲಿಲ್ವಾ ಅದ?'

'ಇಲ್ಲಮ್ಮ. ಬೇರೆ ದೇಶದೋರು.'

'ನಾನು ಅಪ್ಪಂಗೂ ಏಳಿದ್ದೆ,' ಎಂದಳು. 'ನಮ್ ಕಡೆ ಅವ್ವ ಒಬ್ರು ಪುಸ್ತಕದಲ್ಲಿ ಅವ್ರೆ ಅಂತ. ಒಂದ್ಸತಿ ಮೈಸೂರ್ಗೋಗುವಾಗ ಬಸ್ಸು ಅಲ್ಲಿ ನಿಂತಿತ್ತು ಸಾ. ಕಿಟಕೀಲಿ ನೋಡ್ದೆ, ಯಾವ್ದಿರ್ಬೋದು ಅವ್ರ ಮನೆ ಅಂತ.'

ಒಳಗಿನಿಂದ ಗುಮಾಸ್ತ ಮಾದೇಶ್, 'ಕೊಡೋದಿದ್ರೆ ಕೊಟ್ಬುಡಮ್ಮ, ಕಂಪ್ಯೂಟರ್ ಆಫ್ ಮಾಡ್ತೀನಿ' ಎಂದು ಕೂಗಿದ. ಅವಳು ಒಳಗೆ ಹೋದಳು. ವೀರಭದ್ರಸ್ವಾಮಿ ಮೆಟ್ಟಿಲ ಮೇಲೆ ನಿಂತು, ಮಾದೇಶ್ ಕಾಗದ ಓದಿ ತಲೆಯೆತ್ತಿ ತನ್ನ ಕಡೆ ನೋಡಿದ್ದನ್ನು ಕಿಟಕಿಯಲ್ಲಿ ಕಂಡ. ಮಾದೇಶ್ ನಗಲಿಲ್ಲ. ಸೀಲು ಒತ್ತಿದ ಸದ್ದು ಎರಡು ಸಲ ಕೇಳಿತು. ಸ್ವೀಕೃತಿ ಚೀಟಿಯನ್ನು ಮಡಿಸಿ ಬ್ಯಾಗಿನೊಳಗಿಡುತ್ತಾ ಅವಳು ಹೊರಗೆ ಬಂದಳು.

'ಪಾಸಾಯ್ತೀನಾ ಸಾ?'

'ಆಗ್ತೀಯ. ಉಳಿದಿದ್ದೆಲ್ಲ ಸರಿಯಾಗದೆ.'

ಅವಳು ತಲೆಯಾಡಿಸಿ ಎರಡು ಮೆಟ್ಟಿಲಿಳಿದು ನಿಂತಳು. 'ಮಿಕ್ಕಿದ್ ಉತ್ರ ಎಲ್ಲ ಕೈ ನಡುಗ್ತಿತ್ತು ಸಾ ಬರೀವಾಗ,' ಎಂದಳು, ಅವನ ಕಡೆ ತಿರುಗದೆ. 'ಅದೊಂದೇ ನಾನು ಭಯ ಇಲ್ದೆ ಬರ್ದಿದ್ದು.' ಬೇಗೂರಿನ ಬಸ್ಸಿಗೆ ಹೊತ್ತಾಗಿತ್ತು. ಅವಳು ಗೇಟಿನ ಕಡೆ ಬೇಗ ಬೇಗ ನಡೆದಳು.